ಚಿಕ್ಕ ಮೈದಾನದ ದೊಡ್ಡ ಗೆರೆ

ಮಕ್ಕಳ ಕಾಲ್ಚೆಂಡಾಟದಲ್ಲಿ ಆಫ್‌ಸೈಡ್: ನಾವು ಊದಿದ ಒಂದು ಸೀಟಿಯ ಕಥೆ

ಘಣಸೋಲಿಯಲ್ಲಿ ಭಾನುವಾರದ ಮುಂಜಾವು ಎರಡು ಕಡೆ ಬೇಗ ಏಳುತ್ತದೆ. ಒಂದು, ನಮ್ಮವರ ಹೋಟೆಲುಗಳ ಅಡಿಗೆಮನೆ. ಇನ್ನೊಂದು, ಸೆಕ್ಟರುಗಳ ನಡುವೆ ಅಷ್ಟಿಷ್ಟು ಉಳಿದುಕೊಂಡಿರುವ ಆಟದ ಬಯಲು. ಮೊದಲನೆಯದನ್ನು ನಾವು ಚೆನ್ನಾಗಿ ಬಲ್ಲೆವು. ಪತ್ರಿಕೆಯ ಮೇಜಿಗೆ ಬರುವ ಮುನ್ನ ಹದಿನೇಳು ವರ್ಷ ಹೋಟೆಲಿನ ಗಲ್ಲೆಯ ಮೇಲೆ ಕುಳಿತವರು ನಾವು. ಎರಡನೆಯದರ ಪರಿಚಯ ಇತ್ತೀಚಿನದು. ಬಡಾವಣೆಯ ಕೆಲವು ತಂದೆತಾಯಿಗಳು ಕೂಡಿ ಹತ್ತು ವರ್ಷದೊಳಗಿನ ಹುಡುಗರಿಗಾಗಿ ಏಳೇಳು ಮಂದಿಯ ಕಾಲ್ಚೆಂಡಾಟ ನಡೆಸುತ್ತಾರೆ. ಮೂರು ತಿಂಗಳ ಹಿಂದೆ ಒಂದು ಭಾನುವಾರ ರೆಫರಿಯಾಗಬೇಕಿದ್ದವರು ಜ್ವರದಿಂದ ಮಲಗಿದರು. ನೋಡಲೆಂದು ಹೋಗಿ ನಿಂತಿದ್ದ ನಮ್ಮ ಕೈಗೆ ಸೀಟಿ ಬಂತು. “ನೀವು ಪತ್ರಿಕೆಯವರು, ನಿಷ್ಪಕ್ಷಪಾತಿಗಳು” ಎಂದು ಯಾರೋ ಅಂದರು. ನಮಗೂ ಆ ಮಾತು ಹಿತವಾಗಿಯೇ ಕೇಳಿಸಿತು.

ಆಟ ಶುರುವಾಯಿತು. ಮೊದಲರ್ಧದಲ್ಲಿ ಕೆಂಪು ಅಂಗಿಯ ಪಕ್ಷದ ಒಬ್ಬ ಹುಡುಗ ಎದುರಾಳಿಯ ಗೋಲಿನ ಬಾಗಿಲಲ್ಲಿಯೇ ನಿಂತಿದ್ದು, ದೂರದಿಂದ ಬಂದ ಚೆಂಡನ್ನು ಕಾಲು ಚಾಚಿ ಒಳಗೆ ನೂಕಿದನು. ಆಫ್‌ಸೈಡ್ ಎನ್ನುವುದಾದರೆ ಅದು ಸಂಶಯವಿಲ್ಲದ ಆಫ್‌ಸೈಡ್. ಆದರೆ ಮಕ್ಕಳ ಆಟ, ಸಣ್ಣ ಮೈದಾನ, ಇಲ್ಲಿ ಅದೆಲ್ಲ ಯಾಕೆ ಎಂದುಕೊಂಡು ಗೋಲು ಕೊಟ್ಟೆವು. ಉತ್ತರಾರ್ಧದಲ್ಲಿ ಹಳದಿ ಅಂಗಿಯವರು ಒಂದು ಗೋಲು ಸಮ ಮಾಡಿದರು, ಕೆಂಪಿನವರು ಮತ್ತೊಂದು ಹೊಡೆದರು. ಕೊನೆಯ ಎರಡು ನಿಮಿಷವಿರುವಾಗ ಹಳದಿ ಪಕ್ಷದ ಸಣಕಲು ಹುಡುಗನೊಬ್ಬ, ಮಧ್ಯದಿಂದ ಬಂದ ಚೆಂಡಿನ ಬೆನ್ನು ಹತ್ತಿ ಓಡಿ, ಗೋಲಿಯನ್ನು ಬಳಸಿಕೊಂಡು, ಚೆಂಡನ್ನು ಬಲೆಗೆ ಸೇರಿಸಿದನು. ಎರಡಕ್ಕೆ ಎರಡು. ಆ ಕ್ಷಣದಲ್ಲಿ ಮೈದಾನದ ಅಂಚಿನಿಂದ ಒಂದು ಗಟ್ಟಿ ದನಿ ಕೇಳಿತು: “ಆಫ್‌ಸೈಡ್! ರೆಫರಿ, ಆಫ್‌ಸೈಡ್!”

ನಾವು ಸೀಟಿ ಊದಿದೆವು. ಗೋಲು ಹೋಯಿತು.

ವಾಚಕರಲ್ಲಿ ಸತ್ಯವನ್ನೇ ಹೇಳಬೇಕು. ಚೆಂಡು ಕಾಲಿನಿಂದ ಹೊರಟಾಗ ಆ ಹುಡುಗ ಎಲ್ಲಿದ್ದನೆಂಬುದನ್ನು ನಾವು ನೋಡಿರಲಿಲ್ಲ. ನಾವು ಸೀಟಿ ಊದಿದ್ದು ಕಣ್ಣಿನಿಂದಲ್ಲ, ಕಿವಿಯಿಂದ. ಕೂಗಿದವರು ಇಸ್ತ್ರಿಯ ಬಟ್ಟೆ ತೊಟ್ಟ ಪ್ರತಿಷ್ಠಿತ ಗೃಹಸ್ಥರು. ಗಟ್ಟಿ ದನಿಯ ಗಿರಾಕಿಗೆ ಮೊದಲು ತಟ್ಟೆ ಇಡುವ ನಮ್ಮ ಹದಿನೇಳು ವರ್ಷಗಳ ಅಭ್ಯಾಸ ಮೈದಾನದಲ್ಲೂ ನಮ್ಮನ್ನು ಬಿಟ್ಟಿರಲಿಲ್ಲ. ಆ ಸಣಕಲು ಹುಡುಗನ ತಂದೆಯೂ ಅಲ್ಲೇ ಇದ್ದರು. ಕುಂದಾಪುರದ ಕಡೆಯವರು, ಹೋಟೆಲಿನಲ್ಲಿ ಸಪ್ಲಾಯರ್ ಕೆಲಸ. ಭಾನುವಾರದ ಬೆಳಿಗ್ಗೆ ಹೋಟೆಲು ನೌಕರನಿಗೆ ಬಿಡುವು ಸಿಗುವುದೆಂದರೆ ಏನೆಂದು ಬಲ್ಲವರು ಬಲ್ಲರು. ಜೊತೆಗಾರನೊಡನೆ ಪಾಳಿ ಬದಲಾಯಿಸಿಕೊಂಡು, ಎರಡು ಗಂಟೆಯ ಅವಧಿ ಪಡೆದು, ಮಗನ ಆಟ ನೋಡಲು ಮೊದಲ ಬಾರಿಗೆ ಬಂದಿದ್ದರು. ಅವರು ಒಂದು ಮಾತನ್ನೂ ಆಡಲಿಲ್ಲ. ಎದುರು ಮಾತನಾಡದಿರುವುದು ಅವರ ಕಸುಬಿನ ಮೊದಲ ಪಾಠ. ಆ ಪಾಠವನ್ನು ನಮ್ಮಂಥ ಮಾಲಿಕರೇ ಕಲಿಸಿದ್ದೇವೆ.

ಮರುದಿನ ಒಬ್ಬ ಗುಮಾಸ್ತರು ನಮ್ಮ ಕಚೇರಿಗೆ ಬಂದು ತಮ್ಮ ಮೊಬೈಲಿನಲ್ಲಿ ತೆಗೆದ ಚಿತ್ರವನ್ನು ತೋರಿಸಿದರು. ಚೆಂಡು ಹೊರಟ ಗಳಿಗೆಯಲ್ಲಿ ಹುಡುಗ ಕೊನೆಯ ಬ್ಯಾಕ್‌ನ ಭುಜಕ್ಕೆ ಭುಜ ಸಮನಾಗಿ ನಿಂತಿದ್ದನು. ಸಮನಾಗಿದ್ದರೆ ಆಫ್‌ಸೈಡ್ ಅಲ್ಲ. ಆಮೇಲೆ ಅವನು ಮುಂದಾದದ್ದು ತನ್ನ ಕಾಲಿನ ವೇಗದಿಂದ. ನಾವು ಕಿತ್ತುಕೊಂಡದ್ದು ನ್ಯಾಯವಾದ ಗೋಲನ್ನು.

ಆ ರಾತ್ರಿಯಿಂದ ಈ ನಿಯಮವನ್ನು ಓದಲು ಕುಳಿತೆವು. ನಮ್ಮ ವಿದ್ಯೆ ಎಸ್.ಎಸ್.ಎಲ್.ಸಿ.ಗೆ ನಿಂತದ್ದು. ಆದರೂ ಓದಿದ್ದರಲ್ಲಿ ತಿಳಿದಷ್ಟನ್ನು, ನಮ್ಮ ಮಕ್ಕಳು ಆಡುತ್ತಿರುವುದರಿಂದ, ನಮ್ಮವರ ಮುಂದೆ ಇಡುವುದು ಕರ್ತವ್ಯವೆಂದು ಭಾವಿಸಿದ್ದೇವೆ.

ನಿಯಮ ಎಂದರೇನು?

ಆಫ್‌ಸೈಡ್ ಎಂಬುದು ಕಾಲ್ಚೆಂಡಾಟದ ಹದಿನೇಳು ನಿಯಮಗಳಲ್ಲಿ ಹನ್ನೊಂದನೆಯದು. ಹೋಟೆಲಿನವರಿಗೆ ಇದನ್ನು ಹೇಳಿಕೊಡುವುದು ಸುಲಭ. ಜನಸಂದಣಿಯ ಹೊತ್ತಿನಲ್ಲಿ ಒಬ್ಬ ಸಪ್ಲಾಯರ್ ಮೇಜಿನ ಕಡೆಗೆ ಸುಳಿಯದೆ, ಆರ್ಡರ್ ಹಿಡಿಯದೆ, ದೋಸೆಯ ಕಲ್ಲಿನ ಪಕ್ಕದಲ್ಲೇ ನಿಂತು, ಮೊದಲು ಎದ್ದ ದೋಸೆಯನ್ನು ಎತ್ತಿಕೊಂಡು ಹೋಗುತ್ತಾನೆಂದು ಭಾವಿಸಿರಿ. ಉಳಿದವರು ಓಡಾಡಿ ದುಡಿದು ಬಂದಾಗ ಕಲ್ಲು ಬರಿದು. ಅಂಥವನನ್ನು ತಡೆಯಲು ಯಾವ ಒಳ್ಳೆಯ ಹೋಟೆಲಿನಲ್ಲೂ ಒಂದು ಕಟ್ಟಳೆ ಇರುತ್ತದೆ. ಮೈದಾನದಲ್ಲಿ ಆ ಕಟ್ಟಳೆಯ ಹೆಸರೇ ಆಫ್‌ಸೈಡ್. ಎದುರಾಳಿಯ ಅರ್ಧದಲ್ಲಿ, ಚೆಂಡಿಗಿಂತಲೂ ಮುಂದೆ, ಎದುರಾಳಿ ಪಕ್ಷದ ಕೊನೆಯಿಂದ ಎರಡನೆಯ ಆಟಗಾರನಿಗಿಂತಲೂ ಮುಂದೆ ತಲೆಯೋ ಮೈಯೋ ಕಾಲೋ ಚಾಚಿಕೊಂಡಿದ್ದರೆ ಅದು ಆಫ್‌ಸೈಡ್ ಸ್ಥಾನ. ಕೊನೆಯವನು ಸಾಮಾನ್ಯವಾಗಿ ಗೋಲಿ. ಆದ್ದರಿಂದ ಎರಡನೆಯವನೆಂದರೆ ಕೊನೆಯ ಬ್ಯಾಕ್. ಕೈ ತೋಳುಗಳು ಲೆಕ್ಕಕ್ಕಿಲ್ಲ.

ಇಲ್ಲಿ ಬಹು ಜನರು ಎಡವುವ ಎರಡು ಮೆಟ್ಟಿಲುಗಳಿವೆ. ಮೊದಲನೆಯದು, ಆ ಸ್ಥಾನದಲ್ಲಿ ನಿಲ್ಲುವುದೇ ಅಪರಾಧವಲ್ಲ. ಕಲ್ಲಿನ ಪಕ್ಕದಲ್ಲಿ ಸುಮ್ಮನೆ ನಿಂತವನಿಗೆ ದಂಡವಿಲ್ಲ. ದೋಸೆಗೆ ಕೈ ಹಾಕಿದರೆ, ಇನ್ನೊಬ್ಬನ ದಾರಿಗೆ ಅಡ್ಡ ನಿಂತರೆ, ಅಥವಾ ಮತ್ತೊಬ್ಬರ ಕೈಗೆ ತಾಗಿ ಇತ್ತ ಜಾರಿದ ತಟ್ಟೆಯನ್ನು ತಾನು ಹಿಡಿದುಕೊಂಡರೆ ಮಾತ್ರ ತಪ್ಪು. ಹಾಗೆಯೇ ಆಟಗಾರನು ಚೆಂಡನ್ನು ಆಡಿದರೆ, ಎದುರಾಳಿಗೆ ಅಡ್ಡಿಯಾದರೆ, ಕಂಬಕ್ಕೋ ಗೋಲಿಗೋ ತಗಲಿ ಮರಳಿದ ಚೆಂಡಿನ ಲಾಭ ಪಡೆದರೆ ಮಾತ್ರ ರೆಫರಿ ಸೀಟಿ ಊದಬೇಕು. ಎರಡನೆಯದು, ನಾವು ಎಡವಿದ್ದು. ನೋಡಬೇಕಾದದ್ದು ಚೆಂಡು ಅವನಿಗೆ ತಲುಪಿದ ಗಳಿಗೆಯನ್ನಲ್ಲ, ಜೊತೆಗಾರನ ಕಾಲಿನಿಂದ ಹೊರಟ ಗಳಿಗೆಯನ್ನು. ಇದಲ್ಲದೆ ಗೋಲ್ ಕಿಕ್, ಮೂಲೆಯ ಒದೆ, ಹೊರಗಿನಿಂದ ಕೈಯಲ್ಲಿ ಎಸೆಯುವ ಚೆಂಡು ಇವು ಮೂರರಿಂದ ನೇರವಾಗಿ ಪಡೆದರೆ ಆಫ್‌ಸೈಡ್ ಇಲ್ಲವೇ ಇಲ್ಲ. ಮೈದಾನದ ಅಂಚಿನಲ್ಲಿ ಗಂಟಲು ಹರಿಯುವಂತೆ ಕೂಗುವ ಹಿರಿಯರಲ್ಲಿ ಎಷ್ಟು ಜನ ಇದನ್ನು ಬಲ್ಲರೋ ನಾವು ಕೇಳಲು ಹೋಗುವುದಿಲ್ಲ. ಮೂರು ತಿಂಗಳ ಹಿಂದೆ ನಾವೇ ಬಲ್ಲವರಾಗಿರಲಿಲ್ಲ.

ನಿಯಮವೂ ಬೆಳೆದು ಬಂದದ್ದು

ಈ ಕಟ್ಟಳೆ ಕಲ್ಲಿನ ಮೇಲೆ ಕೊರೆದು ಬಂದದ್ದೆಂದು ತಿಳಿಯಬಾರದು. 1863ರಲ್ಲಿ ಲಂಡನ್ನಿನಲ್ಲಿ ಫುಟ್‌ಬಾಲ್ ಅಸೋಸಿಯೇಷನ್ ಮೊದಲ ನಿಯಮಗಳನ್ನು ಬರೆದಾಗ ಚೆಂಡಿಗಿಂತ ಮುಂದಿದ್ದ ಜೊತೆಗಾರನು ಯಾವನೇ ಇರಲಿ ಆಟದಿಂದ ಹೊರಗೆಂದೇ ಲೆಕ್ಕ. 1866ರಲ್ಲಿ ಅದನ್ನು ಸಡಿಲಿಸಿ, ಮುಂದೆ ಮೂವರು ಎದುರಾಳಿಗಳಿದ್ದರೆ ಸಾಕು ಎಂದರು. 1907ರಿಂದ ಸ್ವಂತ ಅರ್ಧದಲ್ಲಿ ನಿಂತವನಿಗೆ ದೋಷವಿಲ್ಲವೆಂದಾಯಿತು. ಅಷ್ಟರಲ್ಲಿ ಕೆಲವು ಜಾಣ ಬ್ಯಾಕುಗಳು ಈ ಮೂವರ ನಿಯಮವನ್ನೇ ಬೋನಾಗಿ ಮಾಡಿಕೊಂಡರು. ನ್ಯೂಕಾಸಲ್ ಯುನೈಟೆಡ್‌ನ ಬಿಲ್ ಮೆಕ್‌ಕ್ರ್ಯಾಕನ್ ಎಂಬವರು ಇದರಲ್ಲಿ ಪ್ರವೀಣರು. ಸಮಯ ನೋಡಿ ನಾಲ್ಕು ಹೆಜ್ಜೆ ಮುಂದೆ ಬಂದರಾಯಿತು, ಎದುರಾಳಿ ಫಾರ್ವರ್ಡ್ ಅಪರಾಧಿ. ಆಟವೆಲ್ಲ ಸೀಟಿಯ ಸದ್ದಿನಲ್ಲಿ ಕಳೆಯತೊಡಗಿತು.

1925ರಲ್ಲಿ ಮೂವರನ್ನು ಇಬ್ಬರಿಗೆ ಇಳಿಸಿದರು. ಪರಿಣಾಮವನ್ನು ಅಂಕಿಗಳೇ ಹೇಳುತ್ತವೆ: ಇಂಗ್ಲಿಷ್ ಫುಟ್‌ಬಾಲ್ ಲೀಗಿನಲ್ಲಿ ಹಿಂದಿನ ಋತುವಿನಲ್ಲಿ 4,700 ಗೋಲುಗಳು ಆಗಿದ್ದರೆ ಮುಂದಿನ ಋತುವಿನಲ್ಲಿ 6,373 ಆದವು. ಕೊನೆಯ ಬ್ಯಾಕಿಗೆ ಸಮನಾಗಿದ್ದರೆ ದೋಷವಿಲ್ಲವೆಂಬುದು ಇನ್ನೂ ತಡವಾಗಿ, 1990ರಲ್ಲಿ ಸೇರಿತು. ಅಂದರೆ ನಾವು ಗೋಲು ಕಿತ್ತುಕೊಂಡ ಹುಡುಗನು 1989ರಲ್ಲಿ ಅದೇ ಆಟ ಆಡಿದ್ದರೆ ನಮ್ಮ ಸೀಟಿ ಸರಿಯಾಗಿರುತ್ತಿತ್ತು! ಆಟವನ್ನು ಕಾಯುವುದಕ್ಕೆ ನಿಯಮ. ಆಟವೇ ಕೆಟ್ಟಾಗ ದೊಡ್ಡವರು ನಿಯಮವನ್ನು ತಿದ್ದಲು ನಾಚಿಕೊಳ್ಳಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು.

ಇದೆಲ್ಲ ಪರದೇಶದ ಕಥೆ, ನಮಗೇನು ಎನ್ನುವಂತಿಲ್ಲ. ಇದೇ ಮುಂಬಯಿಯಲ್ಲಿ ನಡೆಯುತ್ತಿದ್ದ ರೋವರ್ಸ್ ಕಪ್ಪು ಬಹುಕಾಲ ಬ್ರಿಟಿಷ್ ಸೈನ್ಯದ ಪಡೆಗಳ ಸ್ವತ್ತಾಗಿತ್ತು. 1937ರಲ್ಲಿ ಅದನ್ನು ಗೆದ್ದ ಮೊದಲ ಭಾರತೀಯ ತಂಡ ಬೆಂಗಳೂರು ಮುಸ್ಲಿಮ್ಸ್. ಮರುವರ್ಷವೂ ಅವರೇ ಗೆದ್ದರು. 1948ರ ಲಂಡನ್ ಒಲಿಂಪಿಕ್ಸಿನಲ್ಲಿ ಫ್ರಾನ್ಸಿನ ವಿರುದ್ಧ ಸ್ವತಂತ್ರ ಭಾರತದ ಮೊದಲ ಒಲಿಂಪಿಕ್ ಗೋಲನ್ನು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರು. ಆದುದರಿಂದ ಘಣಸೋಲಿಯ ಬಯಲಿನಲ್ಲಿ ಕನ್ನಡದ ಮಕ್ಕಳು ಚೆಂಡೊದೆಯುವುದು ಹೊಸ ಷೋಕಿಯಲ್ಲ, ಹಳೆಯ ಬಾಧ್ಯತೆ.

ಚಿಕ್ಕ ಮೈದಾನದ ಲೆಕ್ಕ

ಈಗ ಮುಖ್ಯ ಪ್ರಶ್ನೆಗೆ ಬರೋಣ. ದೊಡ್ಡವರ ಈ ಕಟ್ಟಳೆಯನ್ನು ಏಳೇಳು ಜನ ಮಕ್ಕಳ ಆಟದಲ್ಲಿ ಪಾಲಿಸಬೇಕೋ ಬೇಡವೋ?

ದೊಡ್ಡವರ ಅಂತರರಾಷ್ಟ್ರೀಯ ಮೈದಾನ ಸಾಮಾನ್ಯವಾಗಿ 105 ಮೀಟರು ಉದ್ದ, 68 ಮೀಟರು ಅಗಲ. ಏಳು ಜನರ ಮಕ್ಕಳ ಮೈದಾನಕ್ಕೆ ಇಂಗ್ಲೆಂಡಿನಲ್ಲಿ ಹೇಳುವ ಅಳತೆ 60 ಗಜ ಉದ್ದ, 40 ಗಜ ಅಗಲ. ಅಂದರೆ ಸುಮಾರು 55 ಮೀಟರು ಮತ್ತು 37 ಮೀಟರು. ಗುಣಿಸಿ ನೋಡಿದರೆ ದೊಡ್ಡ ಮೈದಾನದ ಮೂರನೇ ಒಂದು ಪಾಲಿಗಿಂತಲೂ ಕಡಿಮೆ ಜಾಗ. ಅರ್ಧ ಮೈದಾನವೆಂದರೆ ಇಪ್ಪತ್ತೇಳು ಮೀಟರು ಮಾತ್ರ. ಇಲ್ಲಿ ಬ್ಯಾಕುಗಳು ಮಧ್ಯದ ಗೆರೆಯವರೆಗೆ ಬಂದು ನಿಂತರೆ, ಆಫ್‌ಸೈಡಿನ ಹೆದರಿಕೆಯಿಂದ ಹದಿನಾಲ್ಕು ಮಕ್ಕಳೂ ಒಂದು ಪಟ್ಟಿಯಲ್ಲಿ ಮುದ್ದೆಯಾಗುತ್ತಾರೆ. ದಾದರಿನ ಸಂಜೆಯ ಲೋಕಲ್ ಗಾಡಿಯ ಡಬ್ಬಿಯಂತೆ ಇರುವ ಆ ಗುಂಪಿನಲ್ಲಿ ಯಾವ ಮಗುವಿಗೂ ಚೆಂಡನ್ನು ನಿಲ್ಲಿಸಿ ತಲೆಯೆತ್ತಿ ನೋಡಲು ಅವಕಾಶವಿಲ್ಲ. ಆಟಗಾರರನ್ನು ಕಡಿಮೆ ಮಾಡಿ ಮೈದಾನವನ್ನು ಕಿರಿದು ಮಾಡಿದ್ದು, ಒಂದೊಂದು ಮಗುವಿಗೂ ಚೆಂಡು ಹೆಚ್ಚು ಸಲ ಸಿಗಲಿ ಎಂದು. ಆ ಉದ್ದೇಶವೇ ಕೆಟ್ಟಂತಾಗುತ್ತದೆ.

ಹಾಗಾದರೆ ನಿಯಮವನ್ನು ತೆಗೆದೇ ಬಿಡೋಣವೆಂದರೆ ಇನ್ನೊಂದು ತೊಂದರೆ. ನಮ್ಮೂರಿನ ಕೊಯ್ಲಾದ ಗದ್ದೆಯಲ್ಲಿ ನಾವು ಆಡುತ್ತಿದ್ದಾಗ ಆಫ್‌ಸೈಡ್ ಎಂಬ ಹೆಸರನ್ನೇ ಕೇಳಿರಲಿಲ್ಲ. ಎಲ್ಲರಿಗಿಂತ ದಪ್ಪಗಿದ್ದ, ಓಡಲು ಬೇಸರಪಡುತ್ತಿದ್ದ ಗೆಳೆಯನೊಬ್ಬ ಎದುರು ಗೋಲಿನ ಎರಡು ಕಲ್ಲುಗಳ ನಡುವೆ ನಿಂತಿರುತ್ತಿದ್ದನು. ಗೋಲುಗಳು ಅವನವು, ಹೆಸರೂ ಅವನದು. ಆದರೆ ಆತ ಓಡಲು ಕಲಿಯಲಿಲ್ಲ, ಉಳಿದವರು ಚೆಂಡನ್ನು ದೂರಕ್ಕೆ ಒದೆಯುವುದನ್ನು ಬಿಟ್ಟು ಬೇರೇನೂ ಕಲಿಯಲಿಲ್ಲ. ಗೋಲಿನ ಬಾಗಿಲು ಕಾಯುವುದು ಮಗುವಿಗೆ ಸುಲಭದ ಗಳಿಕೆಯಂತೆ ತೋರುತ್ತದೆ. ಹನ್ನೆರಡು ಹದಿಮೂರನೆಯ ವಯಸ್ಸಿಗೆ ದೊಡ್ಡ ಮೈದಾನಕ್ಕೆ ಹೋದಾಗ ಆ ಮಗು ಹೊಸದಾಗಿ ಎಲ್ಲವನ್ನೂ ಕಲಿಯಬೇಕಾಗುತ್ತದೆ.

ಇದಕ್ಕೆ ಬೇರೆ ಬೇರೆ ಕಡೆಯವರು ಬೇರೆ ಬೇರೆ ಉತ್ತರ ಕಂಡುಕೊಂಡಿದ್ದಾರೆ. ಐದೈದು ಜನರು ಒಳಾಂಗಣದಲ್ಲಿ ಆಡುವ ಫುಟ್ಸಲ್‌ನಲ್ಲಿ ಆಫ್‌ಸೈಡ್ ಇಲ್ಲ. ಇಂಗ್ಲೆಂಡಿನ ಪುಟ್ಟ ಮಕ್ಕಳ ಮಿನಿ ಸಾಕರ್‌ನಲ್ಲೂ ಅದನ್ನು ಬಿಟ್ಟು, ಒಂಬತ್ತು ಜನರ ಆಟಕ್ಕೆ ಏರಿದಾಗ ತರುತ್ತಾರೆ. ಅಮೆರಿಕದವರ ಯುಕ್ತಿ ನಮಗೆ ಹೆಚ್ಚು ಹಿಡಿಸಿತು. ನಾಲ್ಕು ಜನರ ಆಟದಲ್ಲಿ ಅವರಿಗೂ ಆಫ್‌ಸೈಡ್ ಇಲ್ಲ. ಏಳು ಜನರ ಆಟದಲ್ಲಿ ಮಧ್ಯದ ಗೆರೆಗೂ ಪೆನಾಲ್ಟಿ ಅಂಕಣಕ್ಕೂ ಸರಿ ನಡುವೆ, ಎರಡು ಕಡೆಯೂ, ಇನ್ನೊಂದೊಂದು ಗೆರೆ ಎಳೆಯುತ್ತಾರೆ. ಆ ಗೆರೆಯಿಂದ ಗೋಲಿನವರೆಗೆ ಮಾತ್ರ ಆಫ್‌ಸೈಡ್. ಅದರಿಂದ ಈಚೆಗೆ ಮಗು ಎಲ್ಲಿ ನಿಂತರೂ ತಪ್ಪಿಲ್ಲ. ಹೀಗೆ ಮಾಡುವುದರಿಂದ ಬಾಗಿಲು ಕಾಯುವವನೂ ಉಳಿಯುವುದಿಲ್ಲ, ಮಧ್ಯದಲ್ಲಿ ಮುದ್ದೆಯೂ ಆಗುವುದಿಲ್ಲ. ಅದೇ ಗೆರೆಗೆ ಇನ್ನೊಂದು ಕೆಲಸವೂ ಉಂಟು: ಗೋಲಿಯ ಕೈಗೆ ಚೆಂಡು ಬಂದಾಗ ಎದುರಾಳಿಗಳು ಅದರ ಹಿಂದಕ್ಕೆ ಸರಿಯಬೇಕು. ಇದರಿಂದ ಚೆಂಡನ್ನು ಸುಮ್ಮನೆ ದೂರಕ್ಕೆ ಬೀಸದೆ, ಹತ್ತಿರದವನಿಗೆ ಕೊಟ್ಟು ಆಟ ಕಟ್ಟುವುದನ್ನು ಮಕ್ಕಳು ಕಲಿಯುತ್ತಾರೆ.

ಒಂದು ಜೊತೆ ಕಣ್ಣಿನ ಕಷ್ಟ

ಮೇಲಿನ ಲೆಕ್ಕಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. ನಿಯಮವನ್ನು ಜಾರಿ ಮಾಡುವವರು ಯಾರು? ದೊಡ್ಡ ಪಂದ್ಯದಲ್ಲಿ ರೆಫರಿಯಲ್ಲದೆ ಎರಡು ಅಂಚುಗಳಲ್ಲಿ ಬಾವುಟ ಹಿಡಿದ ಇಬ್ಬರು ಸಹಾಯಕರು ಕೊನೆಯ ಬ್ಯಾಕಿನ ನೇರಕ್ಕೆ ಓಡುತ್ತಲೇ ಇರುತ್ತಾರೆ. ನಮ್ಮ ಬಯಲಿನಲ್ಲಿ ಇರುವವನು ಒಬ್ಬನೇ. ಅವನು ಚೆಂಡು ಒದೆಯುವವನನ್ನು ನೋಡಬೇಕು. ಅದೇ ಗಳಿಗೆಯಲ್ಲಿ ಇಪ್ಪತ್ತು ಮೀಟರು ಆಚೆ ಇರುವ ಓಟಗಾರನನ್ನೂ ನೋಡಬೇಕು. ಕಣ್ಣು ಇಲ್ಲಿಂದ ಅಲ್ಲಿಗೆ ಹೊರಳಲು ಒಂದು ಸೆಕೆಂಡಿನ ಐದನೇ ಒಂದು ಪಾಲು ಹಿಡಿಯಿತೆನ್ನಿ. ಸೆಕೆಂಡಿಗೆ ಐದು ಮೀಟರು ಓಡುವ ಹುಡುಗ ಅಷ್ಟರಲ್ಲಿ ಒಂದು ಮೀಟರು ಮುಂದೆ ಹೋಗಿರುತ್ತಾನೆ. ಬ್ಯಾಕ್ ಎದುರು ದಿಕ್ಕಿಗೆ ಓಡುತ್ತಿದ್ದರೆ ಅವರ ನಡುವೆ ಎರಡು ಮೀಟರಿನ ಅಂತರ ಬಿದ್ದಿರುತ್ತದೆ. ರೆಫರಿ ಪ್ರಾಮಾಣಿಕವಾಗಿಯೇ ನೋಡುತ್ತಾನೆ, ಪ್ರಾಮಾಣಿಕವಾಗಿಯೇ ತಪ್ಪುತ್ತಾನೆ. 2000ದಲ್ಲಿ ನೆದರ್‌ಲೆಂಡ್ಸಿನ ಸಂಶೋಧಕರು ‘ನೇಚರ್’ ಪತ್ರಿಕೆಯಲ್ಲಿ ತೋರಿಸಿದ್ದೂ ಇದನ್ನೇ ಹೋಲುತ್ತದೆ. ನುರಿತ ಲೈನ್ಸ್‌ಮನ್ ಕೂಡ ಕೊನೆಯ ಬ್ಯಾಕಿನ ನೇರವನ್ನು ಬಿಟ್ಟು ಸ್ವಲ್ಪ ಆಚೀಚೆ ನಿಂತರೆ, ನೋಟದ ಓರೆಯಿಂದಲೇ ತಪ್ಪು ತೀರ್ಪು ಬರುತ್ತದೆ.

2022ರ ಕತಾರ್ ವಿಶ್ವಕಪ್ಪಿನಲ್ಲಿ ಇದಕ್ಕಾಗಿಯೇ ಕ್ರೀಡಾಂಗಣದ ಮಾಡಿನ ಕೆಳಗೆ ಹನ್ನೆರಡು ಕ್ಯಾಮೆರಾಗಳನ್ನು ಕಟ್ಟಿದ್ದರು. ಅವು ಪ್ರತಿ ಆಟಗಾರನ ಮೈಮೇಲಿನ 29 ಬಿಂದುಗಳನ್ನು ಸೆಕೆಂಡಿಗೆ ಐವತ್ತು ಸಲ ಗುರುತಿಸುತ್ತಿದ್ದವು. ಚೆಂಡಿನೊಳಗಿನ ಯಂತ್ರ ಸೆಕೆಂಡಿಗೆ ಐನೂರು ಸಲ ಸಂದೇಶ ಕಳುಹಿಸುತ್ತಿತ್ತು. ಉದ್ಘಾಟನೆಯ ಪಂದ್ಯದ ಮೂರನೆಯ ನಿಮಿಷದಲ್ಲೇ ಇಕ್ವೆಡಾರ್ ಹೊಡೆದ ಗೋಲು ಈ ಏರ್ಪಾಡಿನಿಂದ ರದ್ದಾಯಿತು. ಜಗತ್ತಿನ ದೊಡ್ಡ ದೊಡ್ಡ ರೆಫರಿಗಳಿಗೆ ಇಷ್ಟೆಲ್ಲ ಆಸರೆ ಬೇಕಾಗಿರುವಲ್ಲಿ, ಘಣಸೋಲಿಯಲ್ಲಿ ಕನ್ನಡಕ ಏರಿಸಿದ ಒಬ್ಬ ಪತ್ರಿಕೆಯವನು ಕಿವಿಯ ಆಸರೆಯಿಂದ ತೀರ್ಪು ಕೊಟ್ಟದ್ದು!

ತಪ್ಪು ನಮ್ಮಂಥವರಿಗೆ ಮಾತ್ರ ಮೀಸಲಲ್ಲ ಎಂಬ ಸಮಾಧಾನವೂ ಇಲ್ಲೇ ಹತ್ತಿರದಲ್ಲಿದೆ. ಘಣಸೋಲಿಯಿಂದ ನಾಲ್ಕು ಸ್ಟೇಷನ್ ಆಚೆಗೆ ನೆರೂಳು. ಅಲ್ಲಿಯ ಡಿ.ವೈ. ಪಾಟೀಲ್ ಕ್ರೀಡಾಂಗಣದಲ್ಲಿ 2017ರ ಅಕ್ಟೋಬರ್ 25ರಂದು ಹದಿನೇಳು ವರ್ಷದೊಳಗಿನವರ ವಿಶ್ವಕಪ್ಪಿನ ಸೆಮಿಫೈನಲಿನಲ್ಲಿ ಸ್ಪೇನ್ ತಂಡ ಮಾಲಿಯನ್ನು 3-1ರಿಂದ ಸೋಲಿಸಿತು. ಆ ಪಂದ್ಯದಲ್ಲಿ ಮಾಲಿಯ ಹುಡುಗನೊಬ್ಬ ದೂರದಿಂದ ಹೊಡೆದ ಚೆಂಡು ಮೇಲಿನ ಅಡ್ಡಪಟ್ಟಿಗೆ ಬಡಿದು ಗೋಲಿನ ಗೆರೆಯ ಒಳಗೆ ಬಿದ್ದು ಹೊರಗೆ ಚಿಮ್ಮಿತು. ಗೋಲು ಕೊಡಲಿಲ್ಲ. ವಿಶ್ವಕಪ್ಪಿನಲ್ಲೇ ಹೀಗಾದರೆ ಇಲ್ಲೇನು ಎನ್ನಬಹುದು. ಆದರೆ ಅಂದಿನ ರೆಫರಿ ತಮ್ಮ ಕಣ್ಣನ್ನು ನಂಬಿದ್ದರು. ನಾವು ನಂಬಿದ್ದು ಮತ್ತೊಬ್ಬರ ಗಂಟಲನ್ನು.

ಈ ಘಣಸೋಲಿಯಲ್ಲೇ ರಿಲಯನ್ಸ್ ಕಾರ್ಪೊರೇಟ್ ಪಾರ್ಕಿನ ಆವರಣದಲ್ಲಿ ರಿಲಯನ್ಸ್ ಫೌಂಡೇಶನ್ ಯಂಗ್ ಚಾಂಪ್ಸ್ ಎಂಬ ವಸತಿ ಅಕಾಡೆಮಿ ಇದೆ. ದೇಶದ ನಾನಾ ಕಡೆಗಳಿಂದ ಆಯ್ದ ಹುಡುಗರು ಅಲ್ಲಿ ಹಸಿರು ಹುಲ್ಲಿನ ಮೇಲೆ ಶಾಸ್ತ್ರೋಕ್ತವಾಗಿ ಕಲಿಯುತ್ತಾರೆ. ನಮ್ಮ ಬಯಲಿನ ಮಕ್ಕಳು ಅದರ ಗೋಡೆಯಾಚೆಗೆ ಹೋಗುವರೋ ಇಲ್ಲವೋ, ಅದು ಅವರವರ ಕಾಲಿನ ಭಾಗ್ಯ. ಆದರೆ ನ್ಯಾಯವಾದ ಆಟ ಸಿಗುವುದಕ್ಕೆ ಹುಲ್ಲಿನ ಹಾಸು ಬೇಕಾಗಿಲ್ಲ.

ಏನು ಮಾಡಬೇಕು?

ನಮ್ಮ ಅನುಭವದಿಂದ ತೋರಿದ ನಾಲ್ಕು ಮಾತುಗಳನ್ನು ಆಟ ನಡೆಸುವವರ ಮುಂದೆ ಇಡುತ್ತೇವೆ.

ಮೊದಲನೆಯದು, ಆಫ್‌ಸೈಡ್ ಇದೆಯೋ ಇಲ್ಲವೋ ಎಂಬುದನ್ನು ಮೊದಲ ಸೀಟಿಗೆ ಮುಂಚೆಯೇ ಎರಡೂ ಪಕ್ಷದ ಮಕ್ಕಳನ್ನೂ ಅವರ ಹಿರಿಯರನ್ನೂ ಕೂಡಿಸಿ ಹೇಳಬೇಕು. ಹೋಟೆಲಿನ ದರದ ಹಲಗೆಯನ್ನು ಗಿರಾಕಿ ಉಂಡ ಮೇಲೆ ತೂಗುಹಾಕುವುದುಂಟೇ? ಮೊದಲರ್ಧದಲ್ಲಿ ಒಂದು ದರ, ಉತ್ತರಾರ್ಧದಲ್ಲಿ ಇನ್ನೊಂದು ದರ ಮಾಡಿದ್ದೇ ಆ ದಿನದ ನಮ್ಮ ಮೂಲ ಅಪರಾಧ. ಕಣ್ಣಿನ ತಪ್ಪು ಅದರ ಮೇಲಿನದು.

ಎರಡನೆಯದು, ಎಂಟು ವರ್ಷದೊಳಗಿನ ಮಕ್ಕಳಿಗೆ ಈ ನಿಯಮವೇ ಬೇಡ. ಬಾಗಿಲು ಕಾಯುವ ಮಗುವಿಗೆ ಸೀಟಿಯ ದಂಡವಲ್ಲ, ಕಲಿಸುವವರ ಪ್ರೀತಿಯ ಒಂದು ಮಾತು ಸಾಕು.

ಮೂರನೆಯದು, ಒಂಬತ್ತು ಹತ್ತರ ಮಕ್ಕಳಿಗೆ ಸುಣ್ಣದ ಎರಡು ಗೆರೆ ಹೆಚ್ಚಿಗೆ ಎಳೆದು, ಆ ಗೆರೆಯಾಚೆಗೆ ಮಾತ್ರ ಆಫ್‌ಸೈಡ್ ನೋಡೋಣ. ಒಂದು ಡಬ್ಬಿ ಸುಣ್ಣದ ಖರ್ಚು ಎರಡು ಪ್ಲೇಟು ಇಡ್ಲಿಗಿಂತ ಹೆಚ್ಚಾಗಲಾರದು. ಸಂಶಯವಿದ್ದಾಗ ಆಟ ಮುಂದುವರಿಯಲಿ, ಮಗುವಿಗೆ ಲಾಭವಾಗಲಿ. ಊದಿದಾಗಲೆಲ್ಲ ಏಕೆ ಊದಿತೆಂದು ಆ ಮಗುವಿಗೆ ಅರ್ಧ ನಿಮಿಷ ನಿಂತು ಹೇಳಬೇಕು.

ನಾಲ್ಕನೆಯದು ಮತ್ತು ಮುಖ್ಯವಾದದ್ದು, ಬಾವುಟ ಹಿಡಿಯುವವರು ಬೇಕು. ಭಾನುವಾರ ಬಿಡುವಿರುವ ನಮ್ಮ ಗುಮಾಸ್ತ ಬಂಧುಗಳಲ್ಲಿ ಇಬ್ಬರು ಒಂದು ಗಂಟೆ ಕೊಟ್ಟರೂ ಸಾಕು. ಲೆಡ್ಜರಿನಲ್ಲಿ ಒಂದು ಕಾಸಿನ ವ್ಯತ್ಯಾಸವನ್ನು ಹುಡುಕಿ ತೆಗೆಯುವ ಕಣ್ಣು ಕೊನೆಯ ಬ್ಯಾಕಿನ ನೇರವನ್ನು ಹಿಡಿಯಲಾರದೇ? ಅಂದು ಮೊಬೈಲಿನಲ್ಲಿ ಸತ್ಯವನ್ನು ಹಿಡಿದು ತಂದವರೂ ಒಬ್ಬ ಗುಮಾಸ್ತರೇ. ಈಗ ಅವರ ಕೈಯಲ್ಲಿ ಕೇಸರಿ ಬಣ್ಣದ ಒಂದು ಕರವಸ್ತ್ರ ಬಾವುಟವಾಗಿದೆ. ಇನ್ನೊಂದು ಅಂಚು ಖಾಲಿಯಿದೆ.

ಮತ್ತೆ ಆ ಹುಡುಗ

ಮುಂದಿನ ಭಾನುವಾರ ಆ ಸಣಕಲು ಹುಡುಗ ಆಟಕ್ಕೆ ಬರಲಿಲ್ಲ. ಅದರ ಮರು ಭಾನುವಾರವೂ ಬರಲಿಲ್ಲ. ಮೂರನೆಯ ವಾರ ಅವನ ತಂದೆ ಕೆಲಸ ಮಾಡುವ ಹೋಟೆಲಿಗೆ ಮಧ್ಯಾಹ್ನ ಮೂರರ ಬಿಡುವಿನ ವೇಳೆಗೆ ಹೋದೆವು. ನಮ್ಮನ್ನು ಕಂಡು ಅವರು ಗಾಬರಿಯಿಂದ ಕುರ್ಚಿ ಒರೆಸಿದರು. ಕೂರುವುದು ಬೇಡ, ನಿಮ್ಮ ಮಗನೊಡನೆ ಮಾತನಾಡಬೇಕು ಎಂದೆವು. ಶಾಲೆ ಬಿಟ್ಟ ಹುಡುಗ ಅಲ್ಲಿಯೇ ಹಿಂದಿನ ಬಾಗಿಲ ಬಳಿ ಪುಸ್ತಕ ಹಿಡಿದು ಕುಳಿತಿದ್ದನು. ಮೊಬೈಲಿನ ಚಿತ್ರವನ್ನು ಅವನ ಕೈಗೆ ಕೊಟ್ಟು, “ತಪ್ಪು ನಮ್ಮದು. ನೀನು ಸರಿಯಾದ ಜಾಗದಲ್ಲೇ ಇದ್ದೆ” ಎಂದೆವು.

ಅವನು ಚಿತ್ರವನ್ನು ಮೂರು ಸಲ ನೋಡಿದನು. “ಹಾಗಾದರೆ ಅದು ಗೋಲೇ ಅಲ್ಲವೇ?” ಎಂದು ಕೇಳಿದನು.

“ಗೋಲೇ.”

“ಈಗ ಎರಡಕ್ಕೆ ಎರಡು ಅಂತ ಬರೆಯುತ್ತಾರೆಯೇ?”

ಇದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಆಟ ಮತ್ತೆ ಆರಂಭವಾದ ಮೇಲೆ ರೆಫರಿ ತನ್ನ ತೀರ್ಪನ್ನು ಬದಲಿಸುವಂತಿಲ್ಲ, ಅದೂ ನಿಯಮವೇ. ಹಾಗೆಂದು ಅವನಿಗೆ ಹೇಳಿದೆವು. ಹುಡುಗ ಸುಮ್ಮನಿದ್ದನು. ಅವನ ತಂದೆ ಆಗ ಮೊದಲ ಬಾರಿಗೆ ಬಾಯಿ ತೆರೆದರು: “ನನಗೂ ಹಾಗೇ ಕಂಡಿತ್ತು ಸ್ವಾಮಿ. ಹೇಳುವುದು ಹೇಗೆಂದು ತಿಳಿಯಲಿಲ್ಲ.”

ಆ ಮಾತು ಇಂದಿಗೂ ನಮ್ಮ ಕಿವಿಯಲ್ಲಿದೆ. ಆ ದಿನ ಮೈದಾನದ ಅಂಚಿನಲ್ಲಿ ಸರಿಯಾಗಿ ನೋಡಿದ್ದವರು ಒಬ್ಬರಿದ್ದರು. ಕೇಳಿಸಿದ್ದು ಮಾತ್ರ ಇನ್ನೊಬ್ಬರ ದನಿ. ಚಿಕ್ಕವರ ಆಟದಲ್ಲಿ ನಿಯಮವನ್ನು ಸರಿಯಾಗಿ ಹಾಕಿಕೊಟ್ಟು, ಎಲ್ಲರಿಗೂ ಮೊದಲೇ ತಿಳಿಸಿ, ಬಾವುಟ ಹಿಡಿದವರ ಕಣ್ಣಿಗೆ ಒಪ್ಪಿಸಿದರೆ, ಯಾರೂ ಗಂಟಲೆತ್ತಬೇಕಾಗಿಲ್ಲ. ಗಂಟಲೆತ್ತಲಾರದವರ ಮಗನಿಗೂ ನಷ್ಟವಾಗುವುದಿಲ್ಲ.

ನಾಲ್ಕನೆಯ ಭಾನುವಾರ ಹುಡುಗ ಬಂದನು. ಆಟಕ್ಕೆ ಮೊದಲು ಎರಡೂ ಪಕ್ಷಗಳನ್ನು ನಿಲ್ಲಿಸಿ, ಹಿಂದಿನ ಪಂದ್ಯದ ಕೊನೆಯ ಗೋಲು ನ್ಯಾಯವಾದದ್ದೆಂದೂ, ತಪ್ಪು ರೆಫರಿಯದೆಂದೂ ಎಲ್ಲರೆದುರು ಹೇಳಿದೆವು. ಅಂದು ಕೂಗಿದ್ದ ಗೃಹಸ್ಥರೂ ಅಲ್ಲಿದ್ದರು. ಅವರ ಮಗ ತಾನಾಗಿ ಬಂದು ನಮ್ಮ ಹುಡುಗನ ಕೈ ಕುಲುಕಿದನು. ಲೆಕ್ಕದ ಪುಸ್ತಕದಲ್ಲಿ ಮಾತ್ರ ಎರಡಕ್ಕೆ ಒಂದು ಎಂದೇ ಉಳಿದಿದೆ.

ಈಗ ಆ ಬಯಲಿನಲ್ಲಿ ಸುಣ್ಣದ ಎರಡು ಹೊಸ ಗೆರೆಗಳಿವೆ. ಮುಂದಿನ ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಆಟ. ಬಿಡುವಿದ್ದವರು ಬರಬೇಕು, ಒಂದು ಅಂಚಿನ ಬಾವುಟ ಇನ್ನೂ ನಮ್ಮ ಜೇಬಿನಲ್ಲಿಯೇ ಇದೆ.